ಮೂಲಸಂಕೇತದಿಂದ ಹಗುರ ವೆಬ್ ಸರ್ವರ್: ‘ಲೈಟಿ’ಯನ್ನು ಕಟ್ಟುವ, ಸ್ಥಾಪಿಸುವ ಬಗೆ

ಅಂತರಜಾಲದಲ್ಲಿ ಯಾವುದೇ ಪುಟವನ್ನು ತೆರೆದಾಗ ಆಚೆ ತುದಿಯ ಗಣಕದಲ್ಲಿ ಕುಳಿತು, ಕೇಳಿದ ಕಡತವನ್ನು ಹುಡುಕಿ ಬ್ರೌಸರ್‌ಗೆ ಕಳುಹಿಸಿಕೊಡುವ ತಂತ್ರಾಂಶಕ್ಕೆ ವೆಬ್ ಸರ್ವರ್ ಎಂದು ಹೆಸರು. ಇಂಥ ತಂತ್ರಾಂಶಗಳ ಪೈಕಿ 1995ರಲ್ಲಿ ಬಂದ ಅಪಾಚೆಯ ಹೆಸರು ಬಹುತೇಕರಿಗೆ ಗೊತ್ತು. ಆದರೆ ಮನೆಯ ಮೂಲೆಯಲ್ಲಿರುವ ಹಳೆಯ ಗಣಕ, ಅಂಗೈಯಗಲದ ರಾಸ್ಪ್‌ಬೆರಿ ಪೈ ಫಲಕ ಅಥವಾ ತಿಂಗಳ ಬಾಡಿಗೆಗೆ ಪಡೆದ ಅರ್ಧ ಜಿಬಿ ಸ್ಮೃತಿಯ ಸರ್ವರ್, ಇವುಗಳಲ್ಲಿ ಒಂದು ಜಾಲತಾಣವನ್ನು ನಡೆಸಬೇಕಾದಾಗ ಅಷ್ಟು ದೊಡ್ಡ ತಂತ್ರಾಂಶದ ಅಗತ್ಯ ಇರುವುದಿಲ್ಲ. ಅಲ್ಲಿ ನೆರವಿಗೆ ಬರುವುದು ಹಗುರ ವೆಬ್ ಸರ್ವರ್‌ಗಳು. ಅವುಗಳಲ್ಲಿ ಎರಡು ದಶಕಗಳಿಂದ ಬಳಕೆಯಲ್ಲಿರುವ ಒಂದನ್ನು ಮೂಲಸಂಕೇತದಿಂದಲೇ ಕಟ್ಟಿ ಸ್ಥಾಪಿಸುವ ಕ್ರಮವನ್ನೂ, ಹಾಗೆ ಕಟ್ಟಿದವರ ಹೆಗಲಿಗೇರುವ ಹೊಣೆಯನ್ನೂ ಇಲ್ಲಿ ವಿವರಿಸಲಾಗಿದೆ.

ಆ ತಂತ್ರಾಂಶದ ಹೆಸರನ್ನು ಅಕ್ಷರ ಬಿಡಿಸಿ ಓದಿದರೆ ಲೈಟ್‌ಟಿಪಿಡಿ. ನಾಲಿಗೆ ಹೊರಳದ ಈ ಹೆಸರನ್ನು ಅದನ್ನು ರೂಪಿಸಿದವರೇ ‘ಲೈಟಿ’ ಎಂದು ಕರೆಯುತ್ತಾರೆ. ಲೈಟ್ ಎಂಬ ಪದಕ್ಕೆ ಸರ್ವರ್ ತಂತ್ರಾಂಶವನ್ನು ಸೂಚಿಸುವ ಎಚ್‌ಟಿಟಿಪಿಡಿ ಎಂಬ ಸಂಕ್ಷೇಪವನ್ನು ಬೆಸೆದು ಮಾಡಿದ ಹೆಸರಿದು.

ಹತ್ತು ಸಾವಿರದ ಸವಾಲು

ಡಾನ್ ಕೆಗೆಲ್ ಎಂಬ ಅಮೆರಿಕದ ತಂತ್ರಜ್ಞರು 1999ರಲ್ಲಿ ಒಂದು ಪ್ರಶ್ನೆಯನ್ನು ಮುಂದಿಟ್ಟರು. ಗಣಕಗಳ ವೇಗ, ಸ್ಮೃತಿ ಎರಡೂ ಇಷ್ಟು ಬೆಳೆದಿರುವಾಗ ಒಂದೇ ಸರ್ವರ್ ಏಕಕಾಲಕ್ಕೆ ಹತ್ತು ಸಾವಿರ ಮಂದಿಗೆ ಸೇವೆ ಒದಗಿಸಲು ಏಕೆ ಸಾಧ್ಯವಾಗುತ್ತಿಲ್ಲ? ‘ಸಿ10ಕೆ’ ಎಂದೇ ಹೆಸರಾದ ಈ ಸವಾಲಿಗೆ ಯಂತ್ರದ ಕೊರತೆಗಿಂತ ತಂತ್ರಾಂಶದ ರಚನೆಯೇ ಕಾರಣವಾಗಿತ್ತು.

ಅಂದಿನ ಅಪಾಚೆಯ ರೂಢಿಯ ವಿಧಾನದಲ್ಲಿ ಒಂದು ಸಂಪರ್ಕಕ್ಕೆ ಒಂದು ಪ್ರತ್ಯೇಕ ಪ್ರಕ್ರಿಯೆ ಮೀಸಲು. ಹೋಟೆಲಿನಲ್ಲಿ ಪ್ರತಿ ಮೇಜಿಗೂ ಒಬ್ಬ ಮಾಣಿಯನ್ನು ನಿಲ್ಲಿಸಿದಂತೆ ಇದು. ಗಿರಾಕಿ ಕಾಫಿ ಆರಿಸಿಕೊಂಡು ಗುಟುಕು ಗುಟುಕಾಗಿ ಕುಡಿಯುತ್ತ ಪತ್ರಿಕೆ ಓದುತ್ತಿದ್ದರೂ ಮಾಣಿ ಅಲ್ಲಿಂದ ಕದಲುವಂತಿಲ್ಲ. ಡಯಲ್‌ಅಪ್ ಮೋಡೆಮ್‌ಗಳ ಕಾಲದಲ್ಲಿ ಅಂಥ ನಿಧಾನಗತಿಯ ಗಿರಾಕಿಗಳೇ ಹೆಚ್ಚು. ಪ್ರತಿ ಪ್ರಕ್ರಿಯೆಗೆ 10 ಎಂಬಿ ಸ್ಮೃತಿ ಎಂದು ಲೆಕ್ಕ ಹಿಡಿದರೂ ಹತ್ತು ಸಾವಿರ ಸಂಪರ್ಕಗಳಿಗೆ 100 ಜಿಬಿ ಬೇಕಾಗುತ್ತದೆ. ಇದಕ್ಕೆ ಬದಲಾಗಿ ಒಬ್ಬನೇ ಚುರುಕಾದ ಮಾಣಿ ಇಡೀ ಹೋಟೆಲನ್ನು ನೋಡಿಕೊಳ್ಳುತ್ತ, ಕೈ ಎತ್ತಿದ ಮೇಜಿಗೆ ಮಾತ್ರ ಹೋಗಿ ಬೇಕಾದುದನ್ನು ಇಟ್ಟು ಮುಂದೆ ಸಾಗುವ ವ್ಯವಸ್ಥೆಯನ್ನು ಊಹಿಸಿಕೊಳ್ಳಬಹುದು. ಘಟನಾಧಾರಿತ ಸರ್ವರ್ ಎಂದರೆ ಅದೇ.

ಈ ವ್ಯವಸ್ಥೆಗೆ ಕಾರ್ಯಾಚರಣ ವ್ಯವಸ್ಥೆಯ ಬೆಂಬಲವೂ ಅಗತ್ಯ. ಹಳೆಯ ‘ಸೆಲೆಕ್ಟ್’ ಎಂಬ ಸೌಲಭ್ಯ ಸಾಮಾನ್ಯವಾಗಿ 1024 ಸಂಪರ್ಕಗಳ ಮಿತಿಯಲ್ಲಿ ಕೆಲಸ ಮಾಡುತ್ತಿತ್ತು. ಯಾರು ಕೈ ಎತ್ತಿದ್ದಾರೆ ಎಂದು ತಿಳಿಯಲು ಪ್ರತಿ ಸಲವೂ ಎಲ್ಲ ಮೇಜುಗಳನ್ನೂ ಸುತ್ತಿ ನೋಡಬೇಕಾಗುತ್ತಿತ್ತು. ಫ್ರೀಬಿಎಸ್‌ಡಿಯಲ್ಲಿ 2000ದಲ್ಲಿ ಬಂದ ‘ಕೆಕ್ಯೂ’ ಮತ್ತು ಲಿನಕ್ಸ್‌ನಲ್ಲಿ 2002ರಲ್ಲಿ ಸೇರಿದ ‘ಇ-ಪೋಲ್’ ಈ ಸುತ್ತಾಟವನ್ನು ತಪ್ಪಿಸಿದವು. ಕೈ ಎತ್ತಿದವರ ಪಟ್ಟಿಯನ್ನಷ್ಟೇ ಇವು ಸರ್ವರ್‌ಗೆ ಒಪ್ಪಿಸುತ್ತವೆ.

ಜರ್ಮನಿಯ ಯಾನ್ ಕ್ನೆಶ್ಕೆ 2003ರಲ್ಲಿ ಲೈಟಿಯನ್ನು ಬರೆಯಲು ತೊಡಗಿದ್ದು ಈ ಹತ್ತು ಸಾವಿರದ ಸವಾಲಿಗೆ ಉತ್ತರವೊಂದು ಸಾಧ್ಯ ಎಂದು ತೋರಿಸುವ ಸಲುವಾಗಿ. ಸರಿಸುಮಾರು ಅದೇ ಹೊತ್ತಿಗೆ ರಷ್ಯದಲ್ಲಿ ಇಗೊರ್ ಸಿಸೊಯೆವ್ ಇದೇ ಸವಾಲಿಗೆ ತಮ್ಮ ಉತ್ತರವಾಗಿ ಎಂಜಿನ್‌ಎಕ್ಸ್ ಅನ್ನು ರೂಪಿಸುತ್ತಿದ್ದರು. ಅದು 2004ರ ಅಕ್ಟೋಬರ್‌ನಲ್ಲಿ ಸಾರ್ವಜನಿಕರಿಗೆ ದೊರೆಯಿತು. ಮುಂದೆ ಜನಪ್ರಿಯತೆಯ ಓಟದಲ್ಲಿ ಎಂಜಿನ್‌ಎಕ್ಸ್ ಬಹಳ ಮುಂದೆ ಸಾಗಿದ್ದು ನಿಜ. ಆದರೆ 2000ದ ದಶಕದ ಮಧ್ಯಭಾಗದಲ್ಲಿ ಲೈಟಿಯ ಹೆಸರೇ ಹೆಚ್ಚು ಕೇಳಿಬರುತ್ತಿತ್ತು. ಯೂಟ್ಯೂಬ್ ತನ್ನ ಆರಂಭದ ವರ್ಷಗಳಲ್ಲಿ ವಿಡಿಯೊ ಕಡತಗಳನ್ನು ಬಡಿಸಲು ಅಪಾಚೆಯನ್ನು ಬಿಟ್ಟು ಇದನ್ನೇ ಬಳಸಿತ್ತು. ವಿಕಿಪೀಡಿಯದ ಚಿತ್ರಗಳನ್ನು ಒದಗಿಸುವ ಸರ್ವರ್‌ಗಳಲ್ಲಿಯೂ ಒಂದು ಕಾಲಕ್ಕೆ ಇದೇ ಇತ್ತು. ಜಾಹೀರಾತು ತಡೆಯುವ ಪೈ-ಹೋಲ್ ಎಂಬ ಮನೆಬಳಕೆಯ ತಂತ್ರಾಂಶವು 2025ರ ಫೆಬ್ರುವರಿಯಲ್ಲಿ ಬಂದ ತನ್ನ ಆರನೆಯ ಆವೃತ್ತಿಯವರೆಗೂ ಲೈಟಿಯನ್ನೇ ಅವಲಂಬಿಸಿತ್ತು. ಎಷ್ಟೋ ಮಂದಿ ಹೆಸರೇ ತಿಳಿಯದೆ ಇದನ್ನು ತಮ್ಮ ಮನೆಯಲ್ಲಿ ನಡೆಸಿದ್ದಾರೆ ಎಂದರೆ ತಪ್ಪಾಗದು.

ಆವೃತ್ತಿ ಸಂಖ್ಯೆಯ ವಿಷಯದಲ್ಲಿ ಲೈಟಿಯದು ವಿಚಿತ್ರ ಚರಿತ್ರೆ. 2005ರಲ್ಲಿ ಆರಂಭವಾದ 1.4ರ ಸರಣಿಯೇ ಇಂದಿಗೂ ಮುಂದುವರಿದಿದೆ. 1.5 ಎಂಬ ಶಾಖೆಯೊಂದು ಚಿಗುರಿ ಅರ್ಧದಲ್ಲೇ ಕೈಬಿಡಲ್ಪಟ್ಟಿತು. 2 ಎಂಬ ಪ್ರಯೋಗವೂ ಪೂರ್ಣ ಬಿಡುಗಡೆಯನ್ನು ಕಾಣಲಿಲ್ಲ. ಹೀಗಾಗಿ ಮೂರನೆಯ ಅಂಕಿಯೊಂದೇ ಏರುತ್ತ ಹೋಗಿದೆ. ಹೊಸ ಎಚ್‌ಟಿಟಿಪಿ-2 ಶಿಷ್ಟತೆಯಂಥ ದೊಡ್ಡ ಬದಲಾವಣೆ ಕೂಡ 2020ರಲ್ಲಿ 1.4.56 ಎಂಬ ವಿನಮ್ರ ಸಂಖ್ಯೆಯಡಿ ಬಂದಿತು. ಸಂಖ್ಯೆ ನೋಡಿ ತಂತ್ರಾಂಶ ಹಳತೆಂದು ಭಾವಿಸುವುದು ಇಲ್ಲಿ ಸಲ್ಲದು.

ಕಟ್ಟುವುದೇಕೆ?

ಡೆಬಿಯನ್, ಉಬುಂಟು, ಫೆಡೋರಾ ಮುಂತಾದ ಲಿನಕ್ಸ್ ವಿತರಣೆಗಳಲ್ಲಿ ಲೈಟಿ ಸಿದ್ಧ ಪ್ಯಾಕೇಜಿನ ರೂಪದಲ್ಲಿ ದೊರೆಯುತ್ತದೆ. ಒಂದೇ ಸಾಲಿನ ಆದೇಶದಿಂದ ಅದು ಸ್ಥಾಪಿತವಾಗುತ್ತದೆ. ಭದ್ರತಾ ಪರಿಷ್ಕರಣೆಗಳೂ ತಾವಾಗಿ ಬರುತ್ತವೆ. ಬಹುಪಾಲು ಮಂದಿಗೆ ಇಷ್ಟೇ ಸಾಕು, ಇದೇ ಸರಿ. ಮೂಲಸಂಕೇತದಿಂದ ಕಟ್ಟಿದರೆ ಸರ್ವರ್ ಬಹಳ ವೇಗವಾಗಿ ಓಡುತ್ತದೆ ಎಂಬ ನಂಬಿಕೆ ಆಗಲೂ ಇತ್ತು, ಈಗಲೂ ಇದೆ. ಕಡತಗಳನ್ನು ಕಳುಹಿಸುವ ಕೆಲಸದಲ್ಲಿ ಹೆಚ್ಚಿನ ಹೊತ್ತು ಕಳೆಯುವುದು ಜಾಲ ಮತ್ತು ಡಿಸ್ಕ್‌ಗಳಿಗಾಗಿ ಕಾಯುವುದರಲ್ಲಿಯೇ ಆದುದರಿಂದ ಕಂಪೈಲರ್‌ನ ಕಸರತ್ತಿನಿಂದ ದೊರೆಯುವ ಲಾಭ ಅತ್ಯಲ್ಪ.

ಕಟ್ಟಬೇಕಾದ ನಿಜವಾದ ಸಂದರ್ಭಗಳು ಬೇರೆ. ವಿತರಣೆಯಲ್ಲಿರುವ ಆವೃತ್ತಿ ಹಳತಾಗಿದ್ದು ಹೊಸ ಸೌಲಭ್ಯ ಬೇಕಾಗಿರಬಹುದು. ರೌಟರ್‌ನಂಥ ಸಣ್ಣ ಸಾಧನಕ್ಕೆ ಬೇಡದ ಭಾಗಗಳನ್ನೆಲ್ಲ ಕಳಚಿದ ಸರ್ವರ್ ಬೇಕಿರಬಹುದು. ಓಪನ್‌ಎಸ್‌ಎಸ್‌ಎಲ್ ಬದಲಿಗೆ ಎಂಬೆಡ್‌ಟಿಎಲ್‌ಎಸ್ ಅಥವಾ ವುಲ್ಫ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯನ್ನು ಬಳಸುವ ಇಚ್ಛೆ ಇರಬಹುದು. ತಂತ್ರಾಂಶ ಒಂದು ಗಣಕದಲ್ಲಿ ಹೇಗೆ ನೆಲೆಗೊಳ್ಳುತ್ತದೆ ಎಂಬುದನ್ನು ಕಲಿಯುವ ಆಸೆಯೂ ಯೋಗ್ಯ ಕಾರಣವೇ. ಆ ಕಲಿಕೆಗೆ ಲೈಟಿ ಹೇಳಿ ಮಾಡಿಸಿದಂತಿದೆ. ಸಂಪೂರ್ಣವಾಗಿ ಸಿ ಭಾಷೆಯಲ್ಲಿರುವ ಇದರ ಸಂಕೇತ ಚಿಕ್ಕದು. ಸಾಧಾರಣ ಗಣಕದಲ್ಲಿಯೂ ಕೆಲವೇ ನಿಮಿಷಗಳಲ್ಲಿ ಕಂಪೈಲ್ ಆಗುತ್ತದೆ. ಪರವಾನಗಿ ಉದಾರವಾದ ಬಿಎಸ್‌ಡಿ ಮಾದರಿಯದು.

ಮೊದಲ ಹೆಜ್ಜೆ: ಪರಿಶೀಲನೆ

ಲೈಟಿಯ ಅಧಿಕೃತ ತಾಣದಲ್ಲಿ ಪ್ರತಿ ಬಿಡುಗಡೆಯ ಮೂಲಸಂಕೇತವೂ ಟಾರ್ ಕಟ್ಟಿನ ರೂಪದಲ್ಲಿ ಸಿಗುತ್ತದೆ. ಅದರ ಪಕ್ಕದಲ್ಲಿಯೇ ಇನ್ನೆರಡು ಪುಟ್ಟ ಕಡತಗಳಿರುತ್ತವೆ: ಎಸ್‌ಎಚ್‌ಎ ಮೊತ್ತಗಳ ಪಟ್ಟಿ ಮತ್ತು ಡಿಜಿಟಲ್ ಸಹಿ. ಹೆಚ್ಚಿನವರು ಕಣ್ಣೆತ್ತಿಯೂ ನೋಡದ ಇವುಗಳ ಉಪಯೋಗ ಬೇರೆ ಬೇರೆ. ಇಳಿಸಿಕೊಂಡ ಕಡತ ದಾರಿಯಲ್ಲಿ ಕೆಟ್ಟಿಲ್ಲ ಎಂಬುದನ್ನಷ್ಟೇ ಮೊತ್ತ ಹೇಳುತ್ತದೆ. ತಾಣಕ್ಕೇ ಕನ್ನ ಹಾಕಿ ಕಡತವನ್ನು ಬದಲಿಸಿದವನಿಗೆ ಪಕ್ಕದ ಮೊತ್ತವನ್ನು ಬದಲಿಸುವುದು ಕಷ್ಟವಲ್ಲ. ಸಹಿ ಹಾಗಲ್ಲ, ಅದನ್ನು ಮಾಡಲು ಬಿಡುಗಡೆ ಮಾಡುವವರ ಖಾಸಗಿ ಕೀಲಿ ಬೇಕು. ಜಿಪಿಜಿ ತಂತ್ರಾಂಶದ ನೆರವಿನಿಂದ ಸಹಿಯನ್ನು ತಾಳೆ ನೋಡಿದ ನಂತರವೇ ಕಟ್ಟನ್ನು ಬಿಚ್ಚುವುದು ಒಳಿತು.

ಸಹಿಯೂ ಸರ್ವರೋಗಕ್ಕೆ ಮದ್ದಲ್ಲ ಎಂಬುದಕ್ಕೆ 2024ರ ಎಕ್ಸ್‌ಜೆಡ್ ಪ್ರಕರಣ ಸಾಕ್ಷಿ. ಕಡತಗಳನ್ನು ಕುಗ್ಗಿಸಲು ಲಿನಕ್ಸ್‌ನಾದ್ಯಂತ ಬಳಕೆಯಾಗುವ ಎಕ್ಸ್‌ಜೆಡ್ ತಂತ್ರಾಂಶದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು ಅಡಗಿಸಿಡಲಾಗಿತ್ತು. ಅಡಗಿಸಿದವರು ಹೊರಗಿನವರಲ್ಲ, ಎರಡು ವರ್ಷಕ್ಕೂ ಮಿಕ್ಕಿ ಸ್ವಯಂಸೇವೆ ಮಾಡಿ ವಿಶ್ವಾಸ ಗಳಿಸಿ, ಬಿಡುಗಡೆಯ ಅಧಿಕಾರವನ್ನೇ ಪಡೆದುಕೊಂಡಿದ್ದ ಗುಪ್ತನಾಮದ ವ್ಯಕ್ತಿ. ಆದ್ದರಿಂದ ಸಹಿಯೂ ಸರಿಯಾಗಿಯೇ ಇತ್ತು. ಎಲ್ಲರೂ ನೋಡಬಹುದಾದ ಸಂಕೇತ ಭಂಡಾರದಲ್ಲಿ ಇಲ್ಲದ ಒಂದು ತುಣುಕು ಬಿಡುಗಡೆಯ ಟಾರ್ ಕಟ್ಟಿನಲ್ಲಿ ಮಾತ್ರ ಇತ್ತು. ಅದು ಜಾಗೃತವಾಗುತ್ತಿದ್ದುದು ‘ಕಾನ್ಫಿಗರ್’ ಹಂತದಲ್ಲಿ, ಅದೂ ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜನ್ನು ಕಟ್ಟುವಾಗ ಮಾತ್ರ. ದೂರದ ಗಣಕಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಕೆದಕಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ 2024ರ ಮಾರ್ಚ್ 29ರಂದು ಇದನ್ನು ಬಯಲಿಗೆಳೆದರು. ಮೂಲಸಂಕೇತ ತೆರೆದಿದೆ ಎನ್ನುವುದು ಒಂದು ಮಾತು. ಯಾರೋ ಅದನ್ನು ಓದಿದ್ದಾರೆ ಎನ್ನುವುದು ಬೇರೆಯೇ ಮಾತು. ಸಂಕೇತ ಭಂಡಾರದಿಂದ ನೇರವಾಗಿ ಪ್ರತಿ ತೆಗೆದುಕೊಂಡು, ಕಾನ್ಫಿಗರ್ ಕಡತವನ್ನು ಸ್ವತಃ ಸೃಷ್ಟಿಸಿಕೊಳ್ಳುವ ದಾರಿಯೂ ಲೈಟಿಯಲ್ಲಿದೆ. ಅದಕ್ಕಾಗಿ ‘ಆಟೊಜೆನ್’ ಎಂಬ ಪುಟ್ಟ ಲಿಪಿಯನ್ನು ಮೊದಲು ನಡೆಸಬೇಕು. ಹೆಚ್ಚಿನ ಶ್ರಮವೇನಿಲ್ಲ, ಆಟೊಕಾನ್ಫ್, ಆಟೊಮೇಕ್, ಲಿಬ್‌ಟೂಲ್ ಎಂಬ ಸಲಕರಣೆಗಳು ಗಣಕದಲ್ಲಿ ಇದ್ದರಾಯಿತು.

ಸಾಮಗ್ರಿ ಸಂಗ್ರಹ

ಕಟ್ಟಡಕ್ಕೆ ಇಟ್ಟಿಗೆ ಸಿಮೆಂಟಿನಂತೆ ಇಲ್ಲಿಯೂ ಕೆಲವು ಸಾಮಗ್ರಿಗಳು ಮೊದಲೇ ಕೈಯಲ್ಲಿರಬೇಕು. ಜಿಸಿಸಿ ಅಥವಾ ಕ್ಲಾಂಗ್ ಎಂಬ ಸಿ ಕಂಪೈಲರ್, ‘ಮೇಕ್’ ಎಂಬ ಮೇಸ್ತ್ರಿ, ಜೊತೆಗೆ ಮೂರು ಲೈಬ್ರರಿಗಳು. ವಿಳಾಸಗಳ ಮಾದರಿಯನ್ನು ಗುರುತಿಸಲು ಪಿಸಿಆರ್‌ಇ-2, ಪುಟಗಳನ್ನು ಕುಗ್ಗಿಸಿ ಕಳುಹಿಸಲು ಜೆಡ್‌ಲಿಬ್, ಗೂಢಲಿಪಿಯ ಸುರಕ್ಷಿತ ಸಂಪರ್ಕಕ್ಕೆ ಓಪನ್‌ಎಸ್‌ಎಸ್‌ಎಲ್. ಪಿಸಿಆರ್‌ಇ-2 ಇಲ್ಲದೆಯೂ ಲೈಟಿಯನ್ನು ಕಟ್ಟಬಹುದು, ಆದರೆ ಆಗ ಒಂದು ವಿಳಾಸವನ್ನು ಇನ್ನೊಂದಕ್ಕೆ ತಿರುಗಿಸುವ ಸೌಲಭ್ಯ ಕೆಲಸ ಮಾಡುವುದಿಲ್ಲ. ಅದನ್ನು ಬಿಟ್ಟುಕೊಡುವುದು ಜಾಣತನವಲ್ಲ.

ಹೊಸಬರು ಎಡವುವುದು ಇಲ್ಲಿಯೇ. ಲೈಬ್ರರಿ ಗಣಕದಲ್ಲಿ ಇದ್ದೇ ಇದೆ, ಆದರೂ ‘ಪಿಸಿಆರ್‌ಇ ಸಿಗಲಿಲ್ಲ’ ಎಂದು ಕಾನ್ಫಿಗರ್ ಹಟ ಹಿಡಿಯುತ್ತದೆ. ಕಾರಣವಿಷ್ಟೆ: ತಂತ್ರಾಂಶ ಓಡಲು ಬೇಕಾದ ಭಾಗವೇ ಬೇರೆ, ತಂತ್ರಾಂಶ ಕಟ್ಟಲು ಬೇಕಾದ ಹೆಡರ್ ಕಡತಗಳೇ ಬೇರೆ. ಲಿನಕ್ಸ್ ವಿತರಣೆಗಳು ಎರಡನೆಯದನ್ನು ಪ್ರತ್ಯೇಕ ಪ್ಯಾಕೇಜಾಗಿ ಇಟ್ಟಿರುತ್ತವೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅದರ ಹೆಸರಿನ ಕೊನೆಗೆ ‘ಡೆವ್’ ಎಂದೂ, ರೆಡ್ ಹ್ಯಾಟ್ ಬಳಗದಲ್ಲಿ ‘ಡೆವೆಲ್’ ಎಂದೂ ಇರುತ್ತದೆ. ಆ ಪ್ಯಾಕೇಜನ್ನು ಸೇರಿಸಿದರೆ ತಕರಾರು ನಿಲ್ಲುತ್ತದೆ.

ಮೂರು ಆದೇಶಗಳು

ಯುನಿಕ್ಸ್ ಪರಂಪರೆಯ ತಂತ್ರಾಂಶಗಳನ್ನು ಕಟ್ಟುವ ವಿಧಿ ದಶಕಗಳಿಂದ ಹೆಚ್ಚುಕಡಿಮೆ ಒಂದೇ: ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಲೈಟಿಯನ್ನು ಸಿಮೇಕ್, ಮೆಸಾನ್ ಮುಂತಾದ ಹೊಸ ಸಲಕರಣೆಗಳಿಂದಲೂ ಕಟ್ಟಬಹುದಾದರೂ ಹಳೆಯ ದಾರಿಯೇ ಹೆಚ್ಚು ಪರಿಚಿತ.

ಮೊದಲನೆಯದಾದ ಕಾನ್ಫಿಗರ್ ಗಣಕವನ್ನು ತಪಾಸಣೆ ಮಾಡುತ್ತದೆ. ಯಾವ ಕಂಪೈಲರ್ ಇದೆ, ಇ-ಪೋಲ್ ಇದೆಯೇ, ಕಡತವನ್ನು ಸ್ಮೃತಿಗೆ ಪ್ರತಿ ಮಾಡಿಕೊಳ್ಳದೆ ನೇರವಾಗಿ ಜಾಲಕ್ಕೆ ರವಾನಿಸುವ ‘ಸೆಂಡ್‌ಫೈಲ್’ ಸೌಲಭ್ಯ ಇದೆಯೇ ಎಂದೆಲ್ಲ ಒಂದೊಂದಾಗಿ ವಿಚಾರಿಸಿ ಉತ್ತರಗಳನ್ನು ಪರದೆಯ ಮೇಲೆ ಹರಿಯಬಿಡುತ್ತದೆ. ಇದರೊಡನೆ ಎರಡು ಅಡ್ಡಗೆರೆಗಳ ಮುಂದೆ ಆಯ್ಕೆಗಳನ್ನು ಸೂಚಿಸಬೇಕು. ‘ವಿತ್-ಓಪನ್‌ಎಸ್‌ಎಸ್‌ಎಲ್’ ಎಂದರೆ ಸುರಕ್ಷಿತ ಸಂಪರ್ಕ ಬೇಕು ಎಂದು. ‘ವಿತ್-ಬ್ರಾಟ್ಲಿ’, ‘ವಿತ್-ಲುವಾ’ ಮುಂತಾದುವು ಅವರವರ ಅಗತ್ಯಕ್ಕೆ ಬಿಟ್ಟದ್ದು. ಎಲ್ಲಕ್ಕಿಂತ ಮುಖ್ಯವಾದುದು ‘ಪ್ರಿಫಿಕ್ಸ್’, ಅಂದರೆ ತಂತ್ರಾಂಶ ನೆಲೆಗೊಳ್ಳಬೇಕಾದ ಜಾಗ. ಏನೂ ಹೇಳದಿದ್ದರೆ ಅದು ಯುಎಸ್‌ಆರ್‌ನ ಒಳಗಿನ ಲೋಕಲ್ ಕಡತಕೋಶಕ್ಕೆ ಹೋಗುತ್ತದೆ. ವಿತರಣೆಯ ಪ್ಯಾಕೇಜುಗಳು ಆ ಜಾಗವನ್ನು ಮುಟ್ಟುವುದಿಲ್ಲವಾದ್ದರಿಂದ ಅದು ಸುರಕ್ಷಿತವೇ. ಆದರೂ ಆಪ್ಟ್ ಕಡತಕೋಶದಲ್ಲಿ ಆವೃತ್ತಿ ಸಂಖ್ಯೆಯ ಹೆಸರಿನಲ್ಲಿಯೇ ಒಂದು ಪ್ರತ್ಯೇಕ ಮನೆ ಮಾಡಿಕೊಡುವುದು ಇನ್ನೂ ಲೇಸು. ಮುಂದೆ ಹೊಸ ಆವೃತ್ತಿ ಕೈಕೊಟ್ಟಾಗ ಹಳೆಯದಕ್ಕೆ ಮರಳುವುದು ಇದರಿಂದ ಕ್ಷಣದ ಕೆಲಸವಾಗುತ್ತದೆ.

ತಪಾಸಣೆ ಮುಗಿದ ಮೇಲೆ ಲೈಟಿಯ ಕಾನ್ಫಿಗರ್ ಒಂದು ಪಟ್ಟಿಯನ್ನು ಒಪ್ಪಿಸುತ್ತದೆ: ಯಾವ ಘಟಕಗಳು ಸೇರಿವೆ, ಯಾವುವು ಸೇರಿಲ್ಲ. ನೂರಾರು ಸಾಲುಗಳು ಸರಸರನೆ ಸರಿದುಹೋದ ಮೇಲೆ ಬರುವ ಈ ಪಟ್ಟಿಯನ್ನು ಮಾತ್ರ ನಿಧಾನವಾಗಿ ಓದಬೇಕು. ಬೇಕೆಂದುಕೊಂಡದ್ದು ‘ಸೇರಿಲ್ಲ’ ಎಂಬ ಸಾಲಿನಲ್ಲಿದ್ದರೆ ಅಲ್ಲಿಯೇ ನಿಂತು ಸರಿಪಡಿಸಿಕೊಳ್ಳುವುದು ಸುಲಭ. ಸರ್ವರ್ ಓಡತೊಡಗಿದ ಮೇಲೆ ಹುಡುಕುವುದು ತಲೆನೋವು.

ಎರಡನೆಯ ಆದೇಶ ಮೇಕ್. ಗಣಕದ ಪ್ರೊಸೆಸರ್‌ನಲ್ಲಿ ಹಲವು ತಿರುಳುಗಳಿದ್ದರೆ ‘ಜೆ’ ಎಂಬ ಆಯ್ಕೆಯ ಮುಂದೆ ಅವುಗಳ ಸಂಖ್ಯೆಯನ್ನು ಕೊಟ್ಟು ಕೆಲಸವನ್ನು ಹಂಚಬಹುದು. ಸ್ಮೃತಿ ತೀರಾ ಕಡಿಮೆ ಇರುವ ಫಲಕಗಳಲ್ಲಿ ಹಂಚದಿರುವುದೇ ವಾಸಿ. ನಂತರ ‘ಮೇಕ್ ಚೆಕ್’ ಎಂಬ ಆದೇಶ ಕೊಟ್ಟರೆ ಲೈಟಿಯ ಜೊತೆಗೇ ಬರುವ ಪರೀಕ್ಷೆಗಳು ನಡೆಯುತ್ತವೆ. ಅವಸರದಲ್ಲಿ ಬಿಟ್ಟುಬಿಡುವ ಹಂತವಿದು, ಆದರೆ ಅಪರೂಪದ ಪ್ರೊಸೆಸರ್‌ಗಾಗಿ ಕಟ್ಟುವವರು ಬಿಡಬಾರದು. ಇಲ್ಲಿಯವರೆಗಿನ ಯಾವ ಕೆಲಸಕ್ಕೂ ಮೂಲ ಬಳಕೆದಾರನ ಅಂದರೆ ‘ರೂಟ್’ನ ಅಧಿಕಾರ ಬೇಕಿಲ್ಲ, ಬಳಸಲೂ ಕೂಡದು. ಮೂರನೆಯದಾದ ಮೇಕ್ ಇನ್‌ಸ್ಟಾಲ್‌ಗೆ ಮಾತ್ರ ಅದು ಬೇಕು. ಅದು ಸರ್ವರನ್ನು ‘ಎಸ್‌ಬಿನ್’ ಕಡತಕೋಶದಲ್ಲಿಯೂ ಘಟಕಗಳನ್ನು ‘ಲಿಬ್’ ಕಡತಕೋಶದಲ್ಲಿಯೂ ಇಟ್ಟು ಮುಗಿಸುತ್ತದೆ. ದೊಡ್ಡ ‘ವಿ’ ಅಕ್ಷರದ ಆಯ್ಕೆಯೊಡನೆ ಲೈಟಿಯನ್ನು ಕರೆದರೆ ತಾನು ಯಾವ ಸೌಲಭ್ಯಗಳೊಡನೆ ಹುಟ್ಟಿದ್ದೇನೆ ಎಂಬುದನ್ನು ಅದೇ ಹೇಳುತ್ತದೆ.

ಮನೆ ಕಟ್ಟಿದ ಮೇಲೆ

ಸಿದ್ಧ ಪ್ಯಾಕೇಜು ಸದ್ದಿಲ್ಲದೆ ಮಾಡಿಕೊಡುವ ಹಲವು ಕೆಲಸಗಳನ್ನು ಇಲ್ಲಿ ಕೈಯಾರೆ ಮಾಡಬೇಕಾಗುತ್ತದೆ. ಮೊದಲಿಗೆ ಸರ್ವರ್‌ಗೆಂದೇ ಒಬ್ಬ ಬಳಕೆದಾರನನ್ನು ಸೃಷ್ಟಿಸಬೇಕು. ಅವನಿಗೆ ಲಾಗಿನ್ ಅವಕಾಶ ಇರಬಾರದು. 1024ಕ್ಕಿಂತ ಕಡಿಮೆ ಸಂಖ್ಯೆಯ ಪೋರ್ಟ್‌ಗಳನ್ನು ತೆರೆಯಲು ಯುನಿಕ್ಸ್‌ನಲ್ಲಿ ರೂಟ್‌ನ ಅಧಿಕಾರ ಬೇಕು. ವೆಬ್‌ನ ಪೋರ್ಟ್ 80 ಮತ್ತು 443. ಹಾಗಾಗಿ ಲೈಟಿ ರೂಟ್ ಆಗಿ ಆರಂಭವಾಗಿ, ಪೋರ್ಟನ್ನು ತೆರೆದು, ಕೂಡಲೇ ಆ ಅಧಿಕಾರವನ್ನು ತ್ಯಜಿಸಿ ಈ ಬಡ ಬಳಕೆದಾರನ ವೇಷ ಧರಿಸುತ್ತದೆ. ನಾಳೆ ಸರ್ವರ್‌ನಲ್ಲಿ ದೋಷವೊಂದು ಕಂಡು ಯಾರಾದರೂ ಒಳನುಸುಳಿದರೂ ಅವರ ಕೈಗೆ ಸಿಗುವುದು ಆ ಬಡವನ ಅಧಿಕಾರವಷ್ಟೆ. ಬಳಕೆದಾರನ ಹೆಸರನ್ನು ಸಂಯೋಜನಾ ಕಡತದಲ್ಲಿ ನಮೂದಿಸಲು ಮರೆತರೆ ಈ ರಕ್ಷಣೆಯೇ ಇಲ್ಲವಾಗುತ್ತದೆ.

ಸಂಯೋಜನಾ ಕಡತದ ಮಾದರಿಗಳು ಮೂಲಸಂಕೇತದ ‘ಡಾಕ್’ ಕಡತಕೋಶದಲ್ಲಿ ಇರುತ್ತವೆ. ಗಣಕ ಆರಂಭವಾದಾಗ ಸರ್ವರನ್ನೂ ಎಬ್ಬಿಸುವ ಸಿಸ್ಟಮ್‌ಡಿ ಕಡತವೂ ಅಲ್ಲಿಯೇ ಇದೆ. ಅದರೊಳಗೆ ಬರೆದಿರುವ ವಿಳಾಸ, ಲೈಟಿಯನ್ನು ನಿಜವಾಗಿ ಸ್ಥಾಪಿಸಿದ ಜಾಗ ಎರಡೂ ಹೊಂದಿಕೆಯಾಗುವಂತೆ ತಿದ್ದಿಕೊಳ್ಳಬೇಕು. ಸಂಯೋಜನೆಯಲ್ಲಿ ಅತ್ಯಗತ್ಯವಾದವು ಕೆಲವೇ: ಪುಟಗಳಿರುವ ಕಡತಕೋಶ, ಪೋರ್ಟ್ ಸಂಖ್ಯೆ, ಬಳಕೆದಾರ, ದೋಷಗಳ ದಿನಚರಿ ಬರೆಯುವ ಜಾಗ, ಬೇಕಾದ ಘಟಕಗಳ ಪಟ್ಟಿ, ಕಡತಗಳ ಬಗೆಗಳನ್ನು ತಿಳಿಸುವ ಮೈಮ್ ಪಟ್ಟಿ.

ಕನ್ನಡದ ಜಾಲತಾಣ ನಡೆಸುವವರು ಈ ಕೊನೆಯದರ ಮೇಲೆ ವಿಶೇಷ ಗಮನ ಇಡಬೇಕು. ಮೈಮ್ ಪಟ್ಟಿಯಲ್ಲಿ ಇಲ್ಲದ ಬಗೆಯ ಕಡತವನ್ನು ಬ್ರೌಸರ್ ತೆರೆದು ತೋರಿಸದೆ ಇಳಿಸಿಕೊಳ್ಳಲು ಮುಂದಾಗುತ್ತದೆ. ಪಟ್ಟಿಯಲ್ಲಿ ಎಚ್‌ಟಿಎಂಎಲ್ ಪುಟಗಳ ಎದುರು ಅಕ್ಷರ ಸಂಕೇತ ಯುಟಿಎಫ್-8 ಎಂದು ಬರೆದಿದ್ದರೆ ಕನ್ನಡ ಸರಿಯಾಗಿ ಮೂಡುತ್ತದೆ. ಅಲ್ಲಿ ಬೇರೆ ಸಂಕೇತದ ಹೆಸರಿದ್ದರೆ, ಪುಟದ ಒಳಗೆ ಎಷ್ಟೇ ಸರಿಯಾಗಿ ಯುಟಿಎಫ್-8 ಎಂದು ಘೋಷಿಸಿದ್ದರೂ ಬ್ರೌಸರ್ ಸರ್ವರ್‌ನ ಮಾತನ್ನೇ ನಂಬಿ ಅಕ್ಷರಗಳನ್ನು ಕಲಸುಮೇಲೋಗರ ಮಾಡುತ್ತದೆ. ಫಾಂಟ್ ಇಳಿಸಿಕೊಳ್ಳದೆ ಕನ್ನಡ ಓದಲಾಗದ ದಿನಗಳನ್ನು ಕಂಡವರಿಗೆ ಈ ದೃಶ್ಯ ಹೊಸದೇನಲ್ಲ.

ಕುಗ್ಗಿಸಿ ಕಳುಹಿಸುವ ‘ಡಿಫ್ಲೇಟ್’ ಘಟಕವೂ ಕನ್ನಡಕ್ಕೆ ಹೆಚ್ಚು ಪ್ರಯೋಜನಕಾರಿ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. ‘ಕರ್ನಾಟಕ’ ಎಂಬ ಪದದಲ್ಲಿ ವ್ಯಂಜನಗಳು, ವಿರಾಮ ಚಿಹ್ನೆ, ದೀರ್ಘದ ಚಿಹ್ನೆ ಸೇರಿ ಏಳು ಸಂಕೇತಗಳಿದ್ದು ಅದು 21 ಬೈಟ್ ನುಂಗುತ್ತದೆ. ಆದರೆ ಆ ಮೂರು ಬೈಟ್‌ಗಳಲ್ಲಿ ಮೊದಲನೆಯದು ಕನ್ನಡದ ಎಲ್ಲ ಅಕ್ಷರಗಳಿಗೂ ಒಂದೇ, ಎರಡನೆಯದು ಎರಡೇ ಬಗೆ. ಹೀಗೆ ಮತ್ತೆ ಮತ್ತೆ ಬರುವುದನ್ನು ಹಿಂಡಿ ತೆಗೆಯುವುದೇ ಕುಗ್ಗಿಸುವ ವಿದ್ಯೆಯ ಮೂಲ. ಆದ್ದರಿಂದ ಜೆಡ್‌ಲಿಬ್ ಇಲ್ಲದೆ ಲೈಟಿಯನ್ನು ಕಟ್ಟಿದವರ ತಾಣದಲ್ಲಿ ಕನ್ನಡ ಪುಟಗಳು ಅನಗತ್ಯವಾಗಿ ಭಾರವಾಗುತ್ತವೆ. ಕಾನ್ಫಿಗರ್ ಹಂತದ ಒಂದು ಆಯ್ಕೆ ಓದುಗರ ಮೊಬೈಲ್ ಡೇಟಾದವರೆಗೂ ತಲುಪುವ ಬಗೆಯಿದು.

ಪಿಎಚ್‌ಪಿ ಮುಂತಾದ ಭಾಷೆಗಳಲ್ಲಿ ಬರೆದ ತಾಣಗಳಿಗೆ ಲೈಟಿ ಫಾಸ್ಟ್‌ಸಿಜಿಐ ಎಂಬ ಮಧ್ಯವರ್ತಿಯನ್ನು ಬಳಸುತ್ತದೆ. ಭಾಷೆಯ ಪ್ರಕ್ರಿಯೆ ಸರ್ವರ್‌ನ ಹೊರಗೇ ನಡೆಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಹಿಂಬದಿಯಿಂದ ಬಂದ ಉತ್ತರವನ್ನು ಪೂರ್ಣವಾಗಿ ಶೇಖರಿಸಿಕೊಂಡೇ ಮುಂದಕ್ಕೆ ಕಳುಹಿಸುವ ಪದ್ಧತಿ ಇದ್ದುದರಿಂದ, ದೊಡ್ಡ ಕಡತಗಳನ್ನು ಹೀಗೆ ಒದಗಿಸಿದಾಗ ಹಗುರ ಸರ್ವರ್ ಇದ್ದಕ್ಕಿದ್ದಂತೆ ಭಾರವಾಗುತ್ತಿತ್ತು. 2016ರ 1.4.40ನೆಯ ಆವೃತ್ತಿಯಲ್ಲಿ ಹರಿವಿನ ಆಯ್ಕೆಗಳು ಬಂದು ಈ ತೊಡಕು ನಿವಾರಣೆಯಾಯಿತು.

ಆರಂಭ ಮತ್ತು ಅಡಚಣೆ

ಸರ್ವರನ್ನು ಎಬ್ಬಿಸುವ ಮುನ್ನ ‘ಟಿ’ ಆಯ್ಕೆಯೊಡನೆ ಸಂಯೋಜನಾ ಕಡತವನ್ನು ಪರೀಕ್ಷಿಸಬೇಕು. ವ್ಯಾಕರಣ ಸರಿಯಿದ್ದರೆ ಹಾಗೆಂದು ಹೇಳುತ್ತದೆ. ಇಲ್ಲದಿದ್ದರೆ ತಪ್ಪಿರುವ ಸಾಲಿನ ಸಂಖ್ಯೆ ಕೊಡುತ್ತದೆ. ಬಳಿಕ ದೊಡ್ಡ ‘ಡಿ’ ಆಯ್ಕೆಯಿಂದ ಹಿನ್ನೆಲೆಗೆ ಸರಿಯದಂತೆ ಕಣ್ಣೆದುರೇ ಓಡಿಸಿ ನೋಡಬಹುದು.

ಸಾಮಾನ್ಯವಾಗಿ ಕಾಡುವ ಅಡಚಣೆಗಳು ಎರಡು. ‘ವಿಳಾಸ ಈಗಾಗಲೇ ಬಳಕೆಯಲ್ಲಿದೆ’ ಎಂಬ ದೂರು ಬಂದರೆ ಅದೇ ಗಣಕದಲ್ಲಿ ಅಪಾಚೆ ಅಥವಾ ಬೇರೊಂದು ಸರ್ವರ್ ಆ ಪೋರ್ಟ್ ಹಿಡಿದು ಕುಳಿತಿದೆ ಎಂದರ್ಥ. ಪುಟದ ಬದಲು 403 ಎಂಬ ನಿರಾಕರಣೆ ಬಂದರೆ ಕಡತದ ಅನುಮತಿಯನ್ನು ನೋಡಬೇಕು. ಕಡತವೊಂದರದ್ದೇ ಅಲ್ಲ, ಅದಿರುವ ಕೋಶ, ಅದರ ಮೇಲಿನ ಕೋಶ, ಹೀಗೆ ಬೇರಿನವರೆಗೆ. ಮೇಲಿನ ಒಂದೇ ಒಂದು ಬಾಗಿಲು ಮುಚ್ಚಿದ್ದರೂ ಒಳಗಿನ ಕೋಣೆ ತಲುಪಲಾಗದು. ಫೆಡೋರಾ ಬಳಗದಲ್ಲಿ ಅನುಮತಿಗಳೆಲ್ಲ ಸರಿಯಿದ್ದೂ ನಿರಾಕರಣೆ ಬಂದರೆ ಎಸ್‌ಇ-ಲಿನಕ್ಸ್ ಎಂಬ ಕಾವಲುಗಾರನ ಕೈವಾಡವಿರುತ್ತದೆ. ಕಾವಲುಗಾರನನ್ನೇ ಮನೆಗೆ ಕಳುಹಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದನ್ನು ಪಾಲಿಸದೆ ಕಡತಗಳ ಗುರುತುಚೀಟಿಯನ್ನು ಸರಿಪಡಿಸುವುದು ಉಚಿತ.

ಹೊಣೆ ಯಾರದು?

ಮೂಲಸಂಕೇತದಿಂದ ಕಟ್ಟಿದ ತಂತ್ರಾಂಶ ವಿತರಣೆಯ ಪಟ್ಟಿಯಲ್ಲಿ ಇರುವುದಿಲ್ಲ. ಗಣಕವನ್ನು ಪ್ರತಿವಾರ ತಪ್ಪದೆ ಪರಿಷ್ಕರಿಸಿದರೂ ಅದು ಮಾತ್ರ ಕಟ್ಟಿದ ದಿನದ ಸ್ಥಿತಿಯಲ್ಲಿಯೇ ಉಳಿದಿರುತ್ತದೆ. ದೋಷ ಪತ್ತೆಯಾದಾಗ ಹೇಳುವವರಿಲ್ಲ.

ಇದು ಬರಿಯ ಊಹೆಯ ಅಪಾಯವಲ್ಲ. ಲೈಟಿಯ ಚರಿತ್ರೆಯಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನವಿದೆ. 2018ರಲ್ಲಿ ಬಂದ 1.4.51ನೆಯ ಆವೃತ್ತಿಯಲ್ಲಿ ಸ್ಮೃತಿಯ ಗಡಿ ಮೀರಿ ಓದುವ ದೋಷವೊಂದನ್ನು ಸರಿಪಡಿಸಲಾಗಿತ್ತು. ಆದರೆ ಭದ್ರತಾ ದೋಷಗಳಿಗೆ ನೀಡುವ ಸಿವಿಇ ಸಂಖ್ಯೆ ಅದಕ್ಕೆ ದೊರೆಯಲಿಲ್ಲ. ಸಂಖ್ಯೆಯಿಲ್ಲದ ದೋಷ ಯಾರ ಪಟ್ಟಿಗೂ ಸೇರುವುದಿಲ್ಲ. ದೊಡ್ಡ ಸರ್ವರ್ ಗಣಕಗಳಲ್ಲಿ ಬೇಸ್‌ಬೋರ್ಡ್ ನಿಯಂತ್ರಕ ಎಂಬ ಪುಟ್ಟ ಗಣಕವೊಂದು ಅಡಗಿರುತ್ತದೆ. ಮುಖ್ಯ ಗಣಕ ಆರಿದ್ದಾಗಲೂ ದೂರದಿಂದ ಅದನ್ನು ಹತೋಟಿಯಲ್ಲಿಡುವುದು ಅದರ ಕೆಲಸ. ಅದರ ಫರ್ಮ್‌ವೇರ್‌ನಲ್ಲಿ ಲೈಟಿಯನ್ನು ಮೂಲಸಂಕೇತದಿಂದ ಕಟ್ಟಿ ಸೇರಿಸಿದ್ದ ಎಎಂಐ ಸಂಸ್ಥೆಯ ತಂತ್ರಾಂಶದಲ್ಲಿ ಹಳೆಯ ಆವೃತ್ತಿಯೇ ಉಳಿಯಿತು. ಅದನ್ನು ಬಳಸಿದ ಇಂಟೆಲ್ ಮತ್ತು ಲೆನೊವೊ ಸರ್ವರ್‌ಗಳಲ್ಲಿಯೂ ಅದೇ ಸಾಗಿಬಂತು. ಬೈನಾರ್ಲಿ ಎಂಬ ಭದ್ರತಾ ಸಂಸ್ಥೆ ಇದನ್ನು ಪ್ರಕಟಿಸಿದ್ದು 2024ರ ಏಪ್ರಿಲ್‌ನಲ್ಲಿ, ಅಂದರೆ ಪರಿಹಾರ ಸಿದ್ಧವಾಗಿ ಐದು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಆ ವೇಳೆಗೆ ಕೆಲವು ಮಾದರಿಗಳ ಬೆಂಬಲದ ಅವಧಿಯೇ ಮುಗಿದಿದ್ದು ಅವುಗಳಿಗೆ ಪರಿಷ್ಕರಣೆ ಬರುವ ಮಾರ್ಗವೂ ಇರಲಿಲ್ಲ. ದೈತ್ಯ ಸಂಸ್ಥೆಗಳಿಗೇ ತಪ್ಪಿಹೋದ ನಿಗಾ ಒಬ್ಬ ಹವ್ಯಾಸಿಯ ಮನೆಯ ಗಣಕದಲ್ಲಿ ತಪ್ಪುವುದು ಆಶ್ಚರ್ಯವಲ್ಲ.

ಸ್ವತಃ ಕಟ್ಟುವವರು ಲೈಟಿಯ ಬಿಡುಗಡೆ ಪ್ರಕಟಣೆಗಳಿಗೆ ಚಂದಾದಾರರಾಗುವುದು, ಬಳಸಿದ ಕಾನ್ಫಿಗರ್ ಆದೇಶದ ಸಾಲನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುವುದು ಎರಡನ್ನೂ ಮರೆಯುವಂತಿಲ್ಲ. ಆರು ತಿಂಗಳ ನಂತರ ಯಾವ ಆಯ್ಕೆಗಳನ್ನು ಕೊಟ್ಟಿದ್ದೆಂದು ನೆನಪಿನಿಂದ ಹೇಳುವುದು ಯಾರಿಗೂ ಸಾಧ್ಯವಿಲ್ಲ. ಲೈಟಿ ಅವಲಂಬಿಸಿರುವ ಓಪನ್‌ಎಸ್‌ಎಸ್‌ಎಲ್ ವಿತರಣೆಯದ್ದೇ ಆಗಿದ್ದರೆ ಅದರ ಪರಿಷ್ಕರಣೆ ತಾನಾಗಿ ಬರುತ್ತದೆ, ಆದರೆ ಓಡುತ್ತಿರುವ ಲೈಟಿಯನ್ನು ನಿಲ್ಲಿಸಿ ಮತ್ತೆ ಆರಂಭಿಸುವವರೆಗೂ ಅದು ಹಳೆಯ ಪ್ರತಿಯನ್ನೇ ಹಿಡಿದಿರುತ್ತದೆ.

ಹೊಸ ಆವೃತ್ತಿ ಬಂದಾಗ ಮಾಡಬೇಕಾದ ಕೆಲಸ ಹೆಚ್ಚಿಲ್ಲ. ಸಹಿ ತಾಳೆ ನೋಡಿ, ಬರೆದಿಟ್ಟ ಸಾಲಿನಿಂದಲೇ ಕಾನ್ಫಿಗರ್ ಮಾಡಿ, ಹೊಸ ಸಂಖ್ಯೆಯ ಕಡತಕೋಶದಲ್ಲಿ ಸ್ಥಾಪಿಸಬೇಕು. ಹಳೆಯ ಸಂಯೋಜನಾ ಕಡತವನ್ನು ಹೊಸ ಲೈಟಿಗೆ ಕೊಟ್ಟು ಪರೀಕ್ಷಿಸಬೇಕು. ಕೈಬಿಟ್ಟ ಆಯ್ಕೆಗಳಿದ್ದರೆ ಆಗಲೇ ಎಚ್ಚರಿಕೆ ಕಾಣುತ್ತದೆ. ‘ಈಗಿನದು’ ಎಂಬ ಹೆಸರಿನ ಕೊಂಡಿಯೊಂದನ್ನು ಮೊದಲೇ ಮಾಡಿಟ್ಟು ಸಿಸ್ಟಮ್‌ಡಿ ಕಡತದಲ್ಲಿ ಅದನ್ನೇ ಸೂಚಿಸಿದ್ದರೆ, ಕೊಂಡಿಯನ್ನು ಹೊಸ ಕಡತಕೋಶದತ್ತ ತಿರುಗಿಸಿ ಸರ್ವರನ್ನು ಮರು ಆರಂಭಿಸಿದರೆ ಸಾಕು. ಒಂದೆರಡು ವಾರ ದೋಷಗಳ ದಿನಚರಿಯನ್ನು ಗಮನಿಸಿ, ಎಲ್ಲ ಸರಿಯಿದೆ ಎಂದು ಖಚಿತವಾದ ನಂತರ ಹಳೆಯ ಕಡತಕೋಶವನ್ನು ಅಳಿಸಿಹಾಕಬಹುದು.